ಹೊಳೆದಂಡೆಯ ಹಳೇ ವಸತಿ ಖಾನಾವಳಿ: ಏನು ಉಳಿಸಲಿ, ಏನು ಹೊಸದು ಮಾಡಲಿ?

ತಾರಿಮನೆ (ಕುಮಟಾ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮಿರ್ಜಾನದಿಂದ ಸ್ವಲ್ಪ ಕೆಳಗೆ, ಅಘನಾಶಿನಿ ದಂಡೆಯ ಮೇಲೆ ನಮ್ಮದೊಂದು ಹಳೇ ಕಟ್ಟಡ ಇದೆ. ಮುತ್ತಜ್ಜ ಕಟ್ಟಿಸಿದ್ದು. ಕೆಳಗೆ ಖಾನಾವಳಿ, ಮೆತ್ತಿನ ಮೇಲೆ ಮಲಗಲು ಏಳು ಸಣ್ಣ ಕೋಣೆ. ಸೇತುವೆ ಇಲ್ಲದ ಕಾಲದಲ್ಲಿ ತಾರಿ ದೋಣಿಗೆ ಕಾಯುವವರು, ಘಟ್ಟ ಇಳಿದು ಬಂದ ಗಾಡಿಯವರು, ಸರಕಿನ ದೋಣಿಯವರು ಇಲ್ಲೇ ಉಂಡು ಮಲಗಿ ಹೋಗುತ್ತಿದ್ದರಂತೆ. ಸೇತುವೆ ಆಯಿತು, ಗಿರಾಕಿ ನಿಂತರು, ಅಜ್ಜ ಬಾಗಿಲು ಹಾಕಿದರು. ಆಮೇಲೆ ಇಷ್ಟು ವರ್ಷ ಅಲ್ಲಿ ತೆಂಗಿನಕಾಯಿ, ಹರಿದ ಬಲೆ, ಗೊಬ್ಬರದ ಚೀಲ.

ಈಗ ನಾನೂ ತಮ್ಮನೂ ಸೇರಿ ಅದನ್ನು ಮತ್ತೆ ತೆರೆಯಬೇಕು ಅಂತಿದ್ದೇವೆ. ಐದು ಕೋಣೆ ಸಾಕು. ಒಳಾಂಗಣಕ್ಕೆ ಅಂತ ಒಬ್ಬರನ್ನು ಹಿಡಿದೆವು. ಅವರು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಕಳಿಸಿದ್ದಾರೆ. ಬಿಳಿ ಗೋಡೆ, ಬೂದು ಟೈಲ್ಸ್, ಎತ್ತಿನ ಗಾಡಿಯ ಚಕ್ರಕ್ಕೆ ಬಲ್ಬ್ ಜೋತು ಹಾಕಿದ ದೀಪ, ತಮಿಳುನಾಡಿಂದ ತರಿಸುವ ಕೆತ್ತನೆ ಬಾಗಿಲು, ತಾಮ್ರದ ಹಂಡೆಯ ವಾಶ್ ಬೇಸಿನ್. ನೋಡಲು ಚೆಂದ ಇದೆ, ಸುಳ್ಳು ಹೇಳೋದಿಲ್ಲ. ಆದರೆ ಅಮ್ಮ ನೋಡಿ "ಇದು ಯಾರ ಮನೆ?" ಅಂತ ಕೇಳಿದಳು.

ಕಟ್ಟಡದ ಸ್ಥಿತಿ ಹೀಗಿದೆ. ಚಿರೇಕಲ್ಲಿನ ಗೋಡೆ, ಒಳಗೆ ಸುಣ್ಣದ ಗಾರೆ. ಅಪ್ಪ ಇಪ್ಪತ್ತು ವರ್ಷದ ಹಿಂದೆ ಕೆಳಗಿನ ಮೂರಡಿಗೆ ಸಿಮೆಂಟ್ ಮೆತ್ತಿಸಿದ್ದರು, ಈಗ ಅದರ ಮೇಲಿನ ಗೋಡೆ ಉಪ್ಪು ಕಾರುತ್ತಿದೆ. ಕೆಂಪು ನೆಲ, ಎರಡು ಕಡೆ ಬಿರುಕು. ಮಂಗಳೂರು ಹೆಂಚಿನ ಮಾಡು. ಜಗಲಿಯಲ್ಲಿ ಐದು ಮರದ ಕಂಬ. ಮೆತ್ತಿನ ನೆಲ ಹಲಗೆಯದು. ಹಿಂದೆ ಹಳೇ ಬಚ್ಚಲು. ಅಟ್ಟದಲ್ಲಿ ಎರಡು ಉದ್ದ ಬೆಂಚು, ಕೈ ಉದ್ದದ ಒಂದು ಆರಾಮ ಕುರ್ಚಿ (ಬೆತ್ತ ಹರಿದಿದೆ), 1ರಿಂದ 7ರವರೆಗೆ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆಗಳು ಸಿಕ್ಕಿವೆ. 4 ಮಾತ್ರ ಇಲ್ಲ.

ತಮ್ಮನಿಗೆ ಬೋರ್ಡಿನ ಮೇಲೆ "ಪೋರ್ಚುಗೀಸ್ ಕಾಲದ ವಸತಿಗೃಹ" ಅಂತ ಬರೆಸುವ ಆಸೆ. ಒಂದು ಕೋಣೆಗೆ "ಕಾಳುಮೆಣಸಿನ ರಾಣಿ ಸೂಟ್" ಅಂತ ಹೆಸರೂ ಇಟ್ಟಾಗಿದೆ.

ಏನು ಉಳಿಸಲಿ, ಏನು ತೆಗೆಯಲಿ? ಎಸಿ ಹಾಕಲೇಬೇಕಾ? ಸ್ನಾನದ ಕೋಣೆ ಎಲ್ಲಿ? ಬೈದರೂ ಪರವಾಗಿಲ್ಲ, ಹೇಳಿ.

ಘಟ್ಟದ ಮೇಲೆ (ಶಿರಸಿ)

ಮೊದಲು ಆ ಚಕ್ರದ ದೀಪ ಬೇಡ ಅನ್ನಿ. ನಾನು ಹೋಂಸ್ಟೇ ನಡೆಸಲು ಶುರು ಮಾಡಿ ಒಂಬತ್ತು ವರ್ಷ ಆಯ್ತು. ಇಲ್ಲಿಂದ ಗೋವಾದವರೆಗೆ ಹೋದಲ್ಲೆಲ್ಲ ಅದೇ ಚಕ್ರ, ಅದೇ ಹಂಡೆ, ಒರಳಿನಲ್ಲಿ ಅದೇ ಮನಿ ಪ್ಲಾಂಟ್. ಹಂಡೆಯಲ್ಲಿ ಕೈ ತೊಳೆದರೆ ನೀರು ಹೊರಗೇ ಜಾಸ್ತಿ ಚೆಲ್ಲುತ್ತದೆ. ನಾನೂ ಒಂದು ಮಾಡಿಸಿದ್ದೆ, ಹಾಗಾಗಿ ಹೇಳುವ ಹಕ್ಕಿದೆ. ಹುಳಿ ಹಾಕಿ ತಿಕ್ಕಿ ತಿಕ್ಕಿ ಕೆಲಸದವಳು ಕೊನೆಗೆ "ಅಕ್ಕಾ, ಇದರಲ್ಲಿ ನೀರು ಕಾಸುವ, ಕೈ ತೊಳೆಯೋದು ಬೇಡ" ಅಂದಳು. ಈಗ ಬಚ್ಚಲಲ್ಲಿ ನೀರೇ ಕಾಸುತ್ತದೆ.

ನಿಮ್ಮ ಅಟ್ಟದಲ್ಲಿ ಬೆಂಚು ಇದೆ, ಕುರ್ಚಿ ಇದೆ, ಬಿಲ್ಲೆ ಇದೆ. ಆರು ನೂರು ಕಿಲೋಮೀಟರ್ ದೂರದ ಯಾರದ್ದೋ ಮನೆಯ ಬಾಗಿಲು ಯಾಕೆ?

ನಕ್ಷೆಗಾರ (ಹುಬ್ಬಳ್ಳಿ)

ನಾನು ಇದೇ ಕಸುಬಿನವನು, ಹಾಗಾಗಿ ಆ ಚಿತ್ರ ಮಾಡಿದವರ ಪರವಾಗಿ ಒಂದು ಮಾತು. ಚಿತ್ರ ತೋರಿಸದಿದ್ದರೆ ಗಿರಾಕಿ ದುಡ್ಡು ಬಿಚ್ಚುವುದಿಲ್ಲ. ಆದರೆ ಕೆಲಸ ಶುರು ಮಾಡಬೇಕಾದದ್ದು ಚಿತ್ರದಿಂದ ಅಲ್ಲ, ನೀರಿನಿಂದ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೋಗುತ್ತದೆ. ನಿಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಮೇಲೆ ಉಪ್ಪು ಗಾಳಿ. ಕೆಳಗೆ ಭರತ ಇಳಿತದ ಹೊಳೆ. ಅಘನಾಶಿನಿಗೆ ಅಣೆಕಟ್ಟೂ ಇಲ್ಲ, ಘಟ್ಟದಲ್ಲಿ ಸುರಿದದ್ದು ನೇರ ನಿಮ್ಮ ಮೆಟ್ಟಿಲಿಗೆ.

ಎರಡು ಪ್ರಶ್ನೆ. 2019ರ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಹೊಳೆಯಿಂದ ಕಟ್ಟಡ ಎಷ್ಟು ದೂರ? ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಪ್ರಕಾರ ಭರತದ ನೀರು ಬರುವ ಹೊಳೆಗಳಲ್ಲಿ ಭರತದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ನಿಯಮ ಅನ್ವಯ. ಹಳೇ ಕಟ್ಟಡ ರಿಪೇರಿ ಬೇರೆ, ಹೊಳೆ ಕಡೆ ಹೊಸದಾಗಿ ಡೆಕ್ ಚಾಚುವುದು ಬೇರೆ. ಚಿತ್ರದಲ್ಲಿ ಡೆಕ್ ಇದ್ದರೆ ಮೊದಲು ಕಾರವಾರಕ್ಕೆ ಹೋಗಿ ಕಾಗದ ಕೇಳಿ, ಆಮೇಲೆ ಮರ ತನ್ನಿ.

ತಾರಿಮನೆ (ಕುಮಟಾ)

ಡೆಕ್ ಇದೆ ಸಾರ್ ಚಿತ್ರದಲ್ಲಿ. ಗಾಜಿನ ಕಟಾಂಜನ ಬೇರೆ. ದೂರ ಅಂದ್ರೆ ಜಗಲಿಯಿಂದ ನೀರಿಗೆ ಮೂವತ್ತು ಹೆಜ್ಜೆ. 2019ರಲ್ಲಿ ನೀರು ಮೂರನೇ ಮೆಟ್ಟಿಲು ಮುಟ್ಟಿ ಹೋಯಿತು. ಒಟ್ಟು ಐದು ಮೆಟ್ಟಿಲು. ಮುತ್ತಜ್ಜ ಲೆಕ್ಕ ಹಾಕಿಯೇ ಕಟ್ಟಿಸಿರಬೇಕು.

ಚಿಪ್ಪಿ ಸುಣ್ಣ (ಹೊನ್ನಾವರ)

ಗೋಡೆಯ ವಿಷಯ ನನಗೆ ಬಿಡಿ. ನಮ್ಮಪ್ಪ ಗಾರೆ ಕೆಲಸದವರು, ನಾನೂ ಅದೇ.

ಚಿರೇಕಲ್ಲು ಅಂದರೆ ತೂತು ತೂತಿನ ಕಲ್ಲು. ನೆಲದಿಂದ ತೇವ ಎಳೆಯುತ್ತದೆ, ಗಾಳಿಗೆ ಬಿಡುತ್ತದೆ. ಅದು ಅದರ ಸ್ವಭಾವ. ಸುಣ್ಣದ ಗಾರೆ ಇದ್ದರೆ ತೇವ ಹೊರಗೆ ಹೋಗಲು ದಾರಿ ಇರುತ್ತದೆ. ನಿಮ್ಮ ಅಪ್ಪ ಕೆಳಗೆ ಸಿಮೆಂಟ್ ಹಾಕಿಸಿದ್ದರಿಂದ ಅಲ್ಲಿ ದಾರಿ ಮುಚ್ಚಿತು. ತೇವ ಮೂರಡಿ ಹತ್ತಿ ಸಿಮೆಂಟ್ ಮುಗಿದಲ್ಲಿ ಹೊರಗೆ ಬಂತು. ಜೊತೆಗೆ ಉಪ್ಪನ್ನೂ ತಂತು. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿಂದ ಒಡೆಯುತ್ತದೆ. ಕೈಯಿಂದ ಸವರಿ ನೋಡಿ, ರವೆ ಉದುರಿದ ಹಾಗೆ ಉದುರುತ್ತದೆ. ನಾಲಿಗೆಗೆ ಹಚ್ಚಿದರೆ ಉಪ್ಪು. (ನಮ್ಮಪ್ಪ ಹಾಗೇ ಪರೀಕ್ಷೆ ಮಾಡುತ್ತಿದ್ದರು. ನೀವು ಮಾಡಿ ಅಂತ ಹೇಳ್ತಿಲ್ಲ.)

ಮಾಡಬೇಕಾದ್ದು: ಸಿಮೆಂಟ್ ಪೂರ್ತಿ ಕೆತ್ತಿ ತೆಗೆಯಿರಿ. ಸುತ್ತಿಗೆ ಉಳಿ ಮಾತ್ರ, ಬ್ರೇಕರ್ ಮಿಷನ್ ಬೇಡ. ಒಂದು ಬೇಸಿಗೆ ಗೋಡೆಯನ್ನು ಹಾಗೇ ಬರಿಮೈಯಲ್ಲಿ ಬಿಡಿ. ಹೊರಬಂದ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ, ನೀರು ಹಾಕಿ ತೊಳೆಯಬೇಡಿ, ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಚಿಪ್ಪಿ ಸುಣ್ಣ ಆದರೆ ಒಳ್ಳೆಯದು, ಸುಟ್ಟ ಸುಣ್ಣವನ್ನು ನೀರಲ್ಲಿ ಕಡಿಮೆ ಅಂದರೂ ಒಂದು ತಿಂಗಳು ಕೊಳೆ ಹಾಕಿ. ಬೆಣ್ಣೆ ಹಾಗೆ ಆಗಬೇಕು. ಬೆಲ್ಲದ ನೀರು ಸೇರಿಸುತ್ತೇವೆ. ಹತ್ತು ವರ್ಷದಲ್ಲಿ ಕೆಳಗಿನ ಗಾರೆ ಮತ್ತೆ ಉದುರಬಹುದು. ಉದುರಲಿ. ಗಾರೆ ಹೋದರೆ ಮತ್ತೆ ಹಚ್ಚಬಹುದು, ಕಲ್ಲು ಹೋದರೆ ಏನು ಮಾಡ್ತೀರಿ?

ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಇಷ್ಟೂ ಮಾಡಿದ್ದು ನೀರಲ್ಲಿ ಹೋಮ.

ಸುಮ್ನೆ ಓದುಗ (ಬೆಂಗಳೂರು)

ಗಿರಾಕಿಯ ಕಡೆಯಿಂದ ಹೇಳ್ತೀನಿ, ಬೈಬೇಡಿ. ನಾನು ವರ್ಷಕ್ಕೆ ಎರಡು ಸಲ ಆ ಕಡೆ ಬರ್ತೀನಿ. ಗೋಡೆ ಚಿಪ್ಪಿನದೋ ಸಿಮೆಂಟಿನದೋ ನನಗೆ ಗೊತ್ತಾಗಲ್ಲ. ಬಾತ್‌ರೂಮಲ್ಲಿ ಬಿಸಿ ನೀರು ಬರ್ತಿದೆಯಾ, ಹಾಸಿಗೆ ಮುಗ್ಗಲು ವಾಸನೆ ಬರ್ತಿದೆಯಾ, ರಾತ್ರಿ ಸೊಳ್ಳೆ ಕಡಿತದಾ, ಮೊಬೈಲ್ ಚಾರ್ಜ್ ಮಾಡೋಕೆ ಮಂಚದ ಹತ್ತಿರ ಪ್ಲಗ್ ಇದೆಯಾ. ಇಷ್ಟೇ. ಮೇ ತಿಂಗಳಲ್ಲಿ ಎಸಿ ಇಲ್ಲ ಅಂದ್ರೆ ನನ್ನ ಹೆಂಡತಿ ಕಾರಿಂದಾನೇ ಇಳಿಯಲ್ಲ.

ಇನ್ನೊಂದು. ಹಳೇ ಮನೆ ಅಂತ ಕರೆದು ಮೂಲೆಗೊಂದು ಟ್ಯೂಬ್‌ಲೈಟ್ ಹಾಕ್ತಾರಲ್ಲ, ಆಸ್ಪತ್ರೆ ಥರ. ಅದು ಮಾಡಬೇಡಿ.

ವೈರ್‌ಮನ್ (ಕಾರವಾರ)

ಓದುಗರು ಹೇಳಿದ್ದು ಸರಿ. ಬಲ್ಬ್ ಕೊಳ್ಳುವಾಗ ಡಬ್ಬಿ ಮೇಲೆ 2700 ಕೆ ಅಂತ ಇರುವುದು ತಗೊಳ್ಳಿ, ಹಳೇ ಬಲ್ಬಿನ ಹಳದಿ ಬಣ್ಣ ಬರುತ್ತದೆ. 6500 ಅಂತ ಇದ್ದದ್ದು ಮುಟ್ಟಬೇಡಿ. ಬೆಳಕು ಮೇಲಿಂದ ಸುರಿಯಬಾರದು. ಹೆಂಚಿನ ಮಾಡು ಕತ್ತಲಲ್ಲೇ ಚೆಂದ.

ಚಿರೇಕಲ್ಲಿನ ಗೋಡೆ ಕೊರೆದು ಪೈಪ್ ಹೂಳಬೇಡಿ. ಮೊದಲಿನವರು ಮರದ ಪಟ್ಟಿ ಹೊಡೆದು ಮೇಲಿಂದಲೇ ವೈರ್ ಎಳೆಯುತ್ತಿದ್ದರು, ಕೇಸಿಂಗ್ ಕ್ಯಾಪಿಂಗ್ ಅಂತ. ನಿಮ್ಮಲ್ಲಿ ಇದ್ದರೆ ಪಟ್ಟಿ ಇಟ್ಟುಕೊಳ್ಳಿ, ಒಳಗಿನ ವೈರ್ ಮಾತ್ರ ಒಂದು ಇಂಚೂ ಬಿಡದೆ ಬದಲಿಸಿ. ಕಂದು ಬೇಕಲೈಟ್ ಸ್ವಿಚ್ ಚೆಂದ ಕಾಣುತ್ತದೆ ಅಂತ ಹಳೇದೇ ಬಳಸಬೇಡಿ, ಅದರಲ್ಲಿ ಎಸಿ, ಗೀಸರ್ ಎಳೆದರೆ ಸುಡುತ್ತದೆ. ಆ ಆಕಾರದಲ್ಲೇ ಹೊಸದು ಸಿಗುತ್ತದೆ. ಕರೆಂಟ್ ಸೋರಿದರೆ ತಾನೇ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕದೆ ಒದ್ದೆ ಕೋಣೆಗೆ ಕರೆಂಟ್ ಕೊಡಬೇಡಿ. ಕಬ್ಬಿಣದ ಪೈಪು ನಿಮ್ಮ ಗಾಳಿಗೆ ಎರಡು ಮಳೆಗಾಲ. ಪಿವಿಸಿಗೆ ಕಪ್ಪು ಬಣ್ಣ ಹೊಡೆದರೆ ಯಾರಿಗೂ ತಿಳಿಯದು.

ನಕ್ಷೆಗಾರ (ಹುಬ್ಬಳ್ಳಿ)

ಎಸಿ ಬಗ್ಗೆ. ಹೆಂಚಿನ ಮಾಡಿನ ಕೆಳಗೆ ಎಸಿ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ. ಎರಡು ಕೋಣೆ ಮಾತ್ರ ಆರಿಸಿ, ಪಡುವಣ ಬಿಸಿಲು ಬೀಳುವಂಥವು. ಪಕಾಸಿಯ (ಮಾಡು ಹೊರುವ ಓರೆ ಮರ) ಕೆಳಗೆ ಹಲಗೆ ಸೀಲಿಂಗ್ ಹೊಡೆದು, ಮೇಲೆ ಶಾಖ ತಡೆಯುವ ಹಾಳೆ ಹಾಸಿ. ಹಲಗೆಗೂ ಹೆಂಚಿಗೂ ನಡುವೆ ಗಾಳಿ ಆಡಬೇಕು, ಇಲ್ಲದಿದ್ದರೆ ಹೆಂಚು ಕೂರಿಸುವ ರೀಪು ಪಟ್ಟಿ ಕೊಳೆಯುತ್ತದೆ. ಉಳಿದ ಮೂರು ಕೋಣೆಗೆ ಫ್ಯಾನ್, ಎದುರು ಬದುರು ಕಿಟಕಿ ಸಾಕು. ಎರಡು ಬೆಲೆ ಇಡಿ.

ಸ್ನಾನದ ಕೋಣೆ ಮೆತ್ತಿನ ಹಲಗೆ ಮೇಲೆ ಬೇಡವೇ ಬೇಡ. ಎಷ್ಟೇ ರಬ್ಬರ್ ಬಳಿದರೂ ಐದನೇ ವರ್ಷ ಕೆಳಗಿನ ತೊಲೆ ಕೊಳೆಯುತ್ತದೆ. ಹಿಂದೆ ಹಳೇ ಬಚ್ಚಲು ಇದೆಯಲ್ಲ, ಅದಕ್ಕೆ ತಾಗಿಸಿ ಎರಡು ಅಂತಸ್ತಿನ ಸಣ್ಣ ಕಟ್ಟೋಣ ಬೇರೆಯಾಗಿ ಏಳಿಸಿ, ಮೆತ್ತಿನಿಂದ ಒಂದು ಸಣ್ಣ ಓಣಿ ಮಾಡಿ ಸೇರಿಸಿ. ಅದು ಪೂರ್ತಿ ಹೊಸದಾಗಿರಲಿ. ಕಾಂಕ್ರೀಟ್, ಟೈಲ್ಸ್, ಒಳ್ಳೆ ಷವರ್, ನಾಚಿಕೆ ಬೇಡ. ಹೊಸದು ಹೊಸದರ ಹಾಗೆ ಕಾಣಬೇಕು. ಇದಕ್ಕೂ ಒಪ್ಪಿಗೆ ಬೇಕು, ಡೆಕ್ಕಿನ ಕಾಗದದ ಜೊತೆಗೇ ಕೇಳಿ. ಮಲದ ಗುಂಡಿ ಮಾತ್ರ ತಳ ಮುಚ್ಚಿದ್ದೇ ಆಗಲಿ. ಆ ಹೊಳೆಯಲ್ಲಿ ಜನ ಚಿಪ್ಪಿ ಆರಿಸಿ ತಿನ್ನುತ್ತಾರೆ. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ.

ಹಳೇ ಪಯಣಿಗ (ಕಾರವಾರ)

ನನಗೆ ಎಂಬತ್ತು ದಾಟಿದೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ತಮ್ಮಾ, ನಿನ್ನ ತಮ್ಮನಿಗೆ ಹೇಳು, ಪೋರ್ಚುಗೀಸ್ ಅಂತ ಬರೆಸಬೇಡ. ಮಾಡಿನಿಂದ ಒಂದು ಹೆಂಚು ಇಳಿಸಿ ಬೆನ್ನು ತಿರುಗಿಸಿ ನೋಡು. ಕಾರ್ಖಾನೆಯ ಅಚ್ಚು ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ. ಅದಕ್ಕಿಂತ ಮೊದಲಿನ ಮಂಗಳೂರು ಹೆಂಚು ಅನ್ನುವುದು ಇಲ್ಲವೇ ಇಲ್ಲ. ಕಾಳುಮೆಣಸಿನ ರಾಣಿ ಅಂದರೆ ಗೇರುಸೊಪ್ಪೆಯ ಚೆನ್ನಭೈರಾದೇವಿ, ಅದಕ್ಕಿಂತ ಮುನ್ನೂರು ವರ್ಷ ಹಿಂದಿನವಳು. ಅವಳು ನಿಮ್ಮ ಮೆತ್ತಿನ ಮೇಲೆ ಮಲಗಿರಲಿಲ್ಲ.

ನಿಜವಾದ ಕತೆ ಅದಕ್ಕಿಂತ ಚೆಂದ ಇದೆ. 1860ರ ದಶಕದಲ್ಲಿ ಅಮೆರಿಕದಲ್ಲಿ ಯುದ್ಧ ಆಗಿ ವಿಲಾಯತಿಗೆ ಹತ್ತಿ ಸಿಗಲಿಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆ ಬಂದರಿಗೆ ಬಂತು. ಹೊರಗಿನ ಪೇಟೆಯಲ್ಲಿ ಆ ಹತ್ತಿಗೆ ಹೆಸರೇ 'ಕುಮ್ಟಾ'. ಆಮೇಲೆ ಗೋವಾದ ಮುರ್ಮಗೋವಾ ಬಂದರಿಗೆ ರೈಲು ಆಯಿತು, ಕುಮಟೆಯ ವ್ಯಾಪಾರ ಇಳಿಯಿತು. ಗಾಡಿಯವರು, ದೋಣಿಯವರು, ದಲ್ಲಾಳಿಗಳು ತಿರುಗಾಡಿದ ದಾರಿ ಇದು. ಅವರಿಗೆ ಅನ್ನ ಹಾಕಿದ ಮನೆ ಅಂತ ಹೇಳಿಕೊಳ್ಳಲು ಏನು ನಾಚಿಕೆ?

ನಾನು ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಹೊನ್ನಾವರಕ್ಕೆ ಹೋಗುವಾಗ ಇಂಥದ್ದೇ ಖಾನಾವಳಿಯಲ್ಲಿ ಒಂದು ರಾತ್ರಿ ಉಳಿದಿದ್ದೆ. ನಿಮ್ಮದೇನೋ, ಬೇರೆಯೋ, ನೆನಪಿಲ್ಲ. ಮಳೆಗೆ ಹೊಳೆ ಏರಿತ್ತು, ತಾರಿಯವ ದೋಣಿ ಬಿಡಲಿಲ್ಲ. ಕುಚ್ಚಲಕ್ಕಿ ಅನ್ನ, ಒಣ ಸಿಗಡಿ ಚಟ್ನಿ. ಜಗಲಿಯ ಬೆಂಚಿನ ಮೇಲೆ ಅಪ್ಪ, ಕೆಳಗೆ ಚಾಪೆಯಲ್ಲಿ ನಾನು. ಕಂಬಕ್ಕೆ ಒರಗಿದ್ದ ದೋಣಿಯವನೊಬ್ಬ ಉಂಡೆದ್ದ ಮೇಲೆ ಖಾನಾವಳಿ ಯಜಮಾನರು ಒಂದು ಮೊಳೆ ತಂದು ಕಂಬದ ಮೇಲೆ ಸಣ್ಣ ಗೆರೆ ಎಳೆದರು. ಯಾಕೆ ಅಂತ ಅಪ್ಪನನ್ನು ಕೇಳಿದೆ. ದೋಣಿಯವರಿಗೆ ಓದಲು ಬರುವುದಿಲ್ಲ, ಪುಸ್ತಕದಲ್ಲಿ ಬರೆದರೆ ನಂಬುವುದು ಹೇಗೆ? ಕಂಬದ ಮೇಲೆ ಅವರ ಎದುರೇ ಎಳೆದ ಗೆರೆ. ಒಂದು ಊಟಕ್ಕೆ ಒಂದು. ದುಡ್ಡು ಕೊಟ್ಟ ದಿನ ಅಡ್ಡ ಗೆರೆ.

ನಿನ್ನ ಜಗಲಿಯ ಕಂಬದ ಮೇಲೆ ಅಂಥ ಗೆರೆ ಇವೆಯೇ, ಕೈಯಾಡಿಸಿ ನೋಡು. ಕುಳಿತವರ ಭುಜದ ಎತ್ತರಕ್ಕೆ.

ತಾರಿಮನೆ (ಕುಮಟಾ)

ಅಜ್ಜಾರೆ, ಏನು ಹೇಳಲಿ.

ನಿಮ್ಮ ಮಾತು ಓದಿ ರಾತ್ರಿಯೇ ಟಾರ್ಚ್ ಹಿಡಿದು ಹೋದೆ. ಹೋದ ವಾರ ಗುತ್ತಿಗೆದಾರರ ಹುಡುಗರು ಗ್ರೈಂಡರ್ ಹಿಡಿದು ಕಂಬ ಕ್ಲೀನ್ ಮಾಡಲು ಶುರು ಮಾಡಿದ್ದರು. ನಾನು ಗೋಕರ್ಣಕ್ಕೆ ಹೋಗಿದ್ದೆ. ಮೂರು ಕಂಬ ಮುಗಿಸಿದ್ದಾರೆ. ಬೆಳ್ಳಗೆ, ನುಣ್ಣಗೆ, ಹೊಸ ಪೀಠೋಪಕರಣದ ಹಾಗೆ ಆಗಿವೆ. ನೋಡಿ ಖುಷಿಯಾಗಿ ಫೋಟೋ ಬೇರೆ ತೆಗೆದಿದ್ದೆ.

ಉಳಿದ ಎರಡರಲ್ಲಿ ಗೆರೆ ಇವೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಮಾತ್ರ ಕಾಣುತ್ತವೆ. ನಾಲ್ಕು, ಐದು, ಆರು, ಅಡ್ಡ ಗೆರೆ. ಮತ್ತೆ ಸಾಲು. ಒಂದು ಕಡೆ ಹನ್ನೊಂದು ಗೆರೆ ಇವೆ, ಅಡ್ಡ ಗೆರೆ ಇಲ್ಲ. ಆ ಪುಣ್ಯಾತ್ಮ ದುಡ್ಡು ಕೊಡಲೇ ಇಲ್ಲ. ಅಮ್ಮನಿಗೆ ತೋರಿಸಿದೆ. ನಲವತ್ತು ವರ್ಷ ಇದೇ ಜಗಲಿ ಗುಡಿಸಿದ್ದಾಳೆ, ಇಲಿ ಕಡಿದದ್ದು ಅಂದುಕೊಂಡಿದ್ದಳಂತೆ.

ಬಡಗಿ (ಅಂಕೋಲಾ)

ಹೋದದ್ದು ಹೋಯಿತು, ಕೊರಗಬೇಡಿ. ಗ್ರೈಂಡರ್ ಇವತ್ತೇ ಕಿತ್ತುಕೊಳ್ಳಿ ಮಾತ್ರ.

ಫೋಟೋ ನೋಡಿದೆ. ಕಂಬ ಹಲಸು, ತೊಲೆ ಮತ್ತಿ ಇರಬೇಕು. ಕಿಟಕಿ ಸಾಗವಾನಿ. ಮರದ ಮೇಲೆ ಕಪ್ಪಗೆ ಕಾಣುವುದು ಕೊಳೆ ಅಲ್ಲ. ಅದು ಗೇರೆಣ್ಣೆ. ಗೇರು ಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ, ನಮ್ಮ ಕಡೆ ದೋಣಿಗೂ ಮನೆಯ ಮರಕ್ಕೂ ಅದನ್ನೇ ಹಚ್ಚುತ್ತಿದ್ದರು, ಹುಳ ಮುಟ್ಟಬಾರದು ಅಂತ. ನುಣ್ಣಗೆ ಮಾಡಿದ ಮೂರು ಕಂಬಕ್ಕೆ ಈಗ ಆ ರಕ್ಷಣೆ ಇಲ್ಲ. ಮಳೆಗಾಲದ ಒಳಗೆ ಏನಾದರೂ ಹಚ್ಚಲೇಬೇಕು. ಗೇರೆಣ್ಣೆ ಹಚ್ಚುವುದಾದರೆ ಕೈಗೆ ಗ್ಲೌಸ್, ಮೈಗೆ ಅಂಗಿ. ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ನನ್ನ ಮೊಣಕೈ ಮೇಲೆ ಹುಡುಗಾಟದ ವಯಸ್ಸಿನ ಕಲೆ ಈಗಲೂ ಇದೆ. ಹೊಳೆಯುವ ಪಿಯು ಪಾಲಿಶ್ ಬೇಡ. ಹೊಳೆಬದಿಯ ತೇವಕ್ಕೆ ಎರಡು ವರ್ಷದಲ್ಲಿ ಹಪ್ಪಳದ ಹಾಗೆ ಏಳುತ್ತದೆ.

ಪಕಾಸಿಯ ತುದಿ ಗೋಡೆಯಲ್ಲಿ ಕೂತ ಜಾಗ ಚುಚ್ಚಿ ನೋಡಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ಆ ತುದಿ ಮಾತ್ರ ಕತ್ತರಿಸಿ ಹೊಸ ತುಂಡು ಜೋಡಿಸಬಹುದು, ಇಡೀ ಪಕಾಸಿ ಬದಲಿಸುವ ಖರ್ಚು ಬೇಡ. ಹಿತ್ತಾಳೆ ಸ್ಕ್ರೂ ಬಳಸಿ.

ಸುಮ್ನೆ ಓದುಗ (ಬೆಂಗಳೂರು)

ಒಂದು ಸಂಶಯ. ಮೂರು ಕಂಬ ಬಿಳಿ, ಎರಡು ಕಪ್ಪು. ಬಂದವರು ಕೆಲಸ ಅರ್ಧಕ್ಕೇ ನಿಂತಿದೆ ಅಂದುಕೊಳ್ಳಲ್ವಾ? ಆ ಎರಡನ್ನೂ ಮೆಲ್ಲಗೆ ಉಜ್ಜಿ, ಗೆರೆಗಳ ಫೋಟೋ ಫ್ರೇಮ್ ಹಾಕಿಸಿ ಪಕ್ಕದಲ್ಲಿ ತೂಗು ಹಾಕಿದರೆ?

ಹಳೇ ಪಯಣಿಗ (ಕಾರವಾರ)

ಅಜ್ಜಿಯ ಮೂಗುತಿ ಮಾರಿ ಮೂಗುತಿಯ ಫೋಟೋ ಇಟ್ಟುಕೊಳ್ಳುತ್ತೀಯೇನಪ್ಪಾ?

ಘಟ್ಟದ ಮೇಲೆ (ಶಿರಸಿ)

ಅಜ್ಜಾರು ಸಿಟ್ಟು ಮಾಡಿಕೊಂಡರು. ಆದರೆ ಓದುಗರ ಪ್ರಶ್ನೆ ಗಿರಾಕಿಯ ಪ್ರಶ್ನೆಯೇ, ಅದಕ್ಕೆ ಉತ್ತರ ಬೇಕು. ನನ್ನ ಅನುಭವ: ಬಂದವರು ಕೇಳಿದರೆ ಹೇಳಲು ಒಂದು ವಿಷಯ ಇರಬೇಕು, ಬೋರ್ಡ್ ಇರಬಾರದು. ನನ್ನಲ್ಲಿ ಅಡಿಕೆ ದಬ್ಬೆಯ ಸೀಲಿಂಗ್ ಇದೆ, ಒಂದು ಕಡೆ ದಬ್ಬೆ ಮುರಿದಿದೆ. ಮುಸ್ಯಗಳು (ಮಂಗಗಳು) ಹೆಂಚು ಸರಿಸಿ ಒಳಗೆ ಬಿದ್ದ ಜಾಗ. ಸರಿ ಮಾಡಿಸಲಿಲ್ಲ. ಬಂದ ಮಕ್ಕಳಿಗೆಲ್ಲ ಮೊದಲು ಅದನ್ನೇ ತೋರಿಸಬೇಕು.

ಹಾಸಿಗೆ ಬಗ್ಗೆ ಯಾರೂ ಹೇಳಲಿಲ್ಲ. ಹೊದಿಕೆಗೆ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ತನ್ನಿ. ಹಳೇ ಬಟ್ಟೆಯ ತುಂಡು ಜೋಡಿಸಿ ಕೈಯಲ್ಲೇ ಹೊಲಿದದ್ದು, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಬಿಳಿ ಗೋಡೆಗೆ ಅಷ್ಟು ಬಣ್ಣ ಸಾಕು. ಚೌಕಾಸಿ ಮಾಡಬೇಡಿ ಮಾರಾಯ್ರೆ, ಒಂದಕ್ಕೆ ಎಷ್ಟು ದಿನದ ಕೆಲಸ ಅಂತ ಕೂತು ನೋಡಿದರೆ ಬಾಯಿ ಬರುವುದಿಲ್ಲ.

ಚಿಪ್ಪಿ ಸುಣ್ಣ (ಹೊನ್ನಾವರ)

ಗೋಡೆಗೆ ಬಣ್ಣ ಬೇಕಾದರೆ ಕಾವಿ ಮಾಡಿಸಿ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳೇ ದೇವಸ್ಥಾನಗಳಲ್ಲಿ ನೋಡಿರುತ್ತೀರಿ, ಬಿಳಿ ಮೇಲೆ ಕೆಂಪು ಬಳ್ಳಿ. ಅದು ಬಣ್ಣ ಬಳಿದ ಚಿತ್ರ ಅಲ್ಲ. ಚಿಪ್ಪಿ ಸುಣ್ಣದ ಬಿಳಿ ಗಾರೆ ಹಸಿ ಇರುವಾಗಲೇ ಅದರ ಮೇಲೆ ಹುರಮಂಜಿ (ಕೆಮ್ಮಣ್ಣು) ಬೆರೆಸಿದ ಕೆಂಪು ತೆಳುವಾಗಿ ಹಚ್ಚಿ, ಚೂಪು ಕಬ್ಬಿಣದಿಂದ ಕೆಂಪನ್ನು ಕೆರೆಯುವುದು. ಕೆಳಗಿನ ಬಿಳಿ ಕಾಣುತ್ತದೆ. ಒಣಗುವ ಮೊದಲು ಮುಗಿಸಬೇಕು, ತಪ್ಪಿದರೆ ಅಳಿಸಲು ಆಗದು. ಈಗ ಇದು ಬಲ್ಲವರು ತೀರಾ ಕಡಿಮೆ. ಸಿಕ್ಕರೆ ಖಾನಾವಳಿ ಗೋಡೆಯ ಮೇಲೆ ಒಂದಡಿ ಪಟ್ಟಿ ಮಾಡಿಸಿ, ಜಾಸ್ತಿ ಬೇಡ. ಬಳ್ಳಿ, ಹೂವು ಸಾಕು. ಮಲಗುವ ಕೋಣೆಯಲ್ಲಿ ದೇವರು ಬೇಡ. ಸ್ಟಿಕ್ಕರ್ ಅಂಟಿಸುವುದಾದರೆ ಬರೀ ಸುಣ್ಣವೇ ವಾಸಿ.

ನೆಲ ಕೀಳಬೇಡಿ ಅಂತ ಹೇಳಲು ಮರೆತೆ. ಬಿರುಕಿಗೆ ಕೆಂಪು ತುಂಬಿದರೆ ಬಣ್ಣ ಯಾವತ್ತೂ ಕೂಡುವುದಿಲ್ಲ. ಎರಡೂ ಬಿರುಕಿನ ಗುಂಟ ನೇರ ಕೊಯ್ದು ಹಿತ್ತಾಳೆ ಪಟ್ಟಿ ಕೂಡಿಸಿ. ಬೇಕಂತಲೇ ಮಾಡಿದ ಹಾಗೆ ಇರುತ್ತದೆ. ಆಸಿಡ್ ಹಾಕಿ ತೊಳೆದರೆ ಮತ್ತೆ ನನ್ನನ್ನು ಕೇಳಬೇಡಿ. ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿ, ವಾರಕ್ಕೊಂದು ಸಲ.

ತಾರಿಮನೆ (ಕುಮಟಾ), ಹದಿನಾಲ್ಕು ತಿಂಗಳ ನಂತರ

ಯಾರಿಗಾದರೂ ಈ ಚರ್ಚೆ ನೆನಪಿದೆಯಾ? ವರದಿ ಒಪ್ಪಿಸಬೇಕು ಅಂತ ಬಂದೆ.

ಗುತ್ತಿಗೆದಾರರನ್ನು ಬದಲಿಸಿದೆವು. ಡೆಕ್ ಬಿಟ್ಟೆವು, ಬಚ್ಚಲಿನ ಕಟ್ಟೋಣಕ್ಕೆ ಕಾಗದ ಸಿಗಲು ಏಳು ತಿಂಗಳು. ತಮಿಳುನಾಡಿನ ಬಾಗಿಲಿಗೆ ಕೊಟ್ಟ ಮುಂಗಡ ಹೋಯಿತು, ಅದು ನಮ್ಮ ಫೀಸು ಅಂದುಕೊಂಡೆವು. ಸಿಮೆಂಟ್ ಕೆತ್ತಿದ ಗೋಡೆ ಒಂದು ಬೇಸಿಗೆ ಪೂರ್ತಿ ಬತ್ತಲೆ ನಿಂತಿತ್ತು, ದಾರಿಯಲ್ಲಿ ಹೋಗುವವರೆಲ್ಲ "ದುಡ್ಡು ಮುಗೀತಾ?" ಅಂತ ಕೇಳಿದರು. ದಿನಾ ಬೆಳಿಗ್ಗೆ ಅಮ್ಮ ಬ್ರಷ್ ಹಿಡಿದು ಉಪ್ಪು ಗುಡಿಸುತ್ತಿದ್ದಳು. ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಮಾರೋಣ ಅಂತ ತಮ್ಮನ ತಮಾಷೆ.

ಎಸಿ ಎರಡು ಕೋಣೆಗೆ. ನಕ್ಷೆಗಾರರು ಹೇಳಿದ ಹಾಗೆ ಹಲಗೆ ಸೀಲಿಂಗ್ ಹಾಕಿದ್ದೇವೆ, ಆದರೂ ಮೊದಲ ಮಳೆಗಾಲ ಒಂದು ಕೋಣೆಯ ಮೂಲೆಯಲ್ಲಿ ಬೂಸ್ಟು ಬಂತು. ಬಂದವರು 18ಕ್ಕೆ ಇಟ್ಟು ಕಿಟಕಿ ತೆರೆದು ಮಲಗುತ್ತಾರೆ ಮಾರಾಯ್ರೆ. ಈಗ 24ರ ಕೆಳಗೆ ಹೋಗದ ಹಾಗೆ ಲಾಕ್ ಮಾಡಿಸಿದ್ದೇವೆ. ಕಾವಿ ಮಾಡುವವರು ಸಿಗಲಿಲ್ಲ, ಗೋಡೆ ಬಿಳಿಯೇ ಇದೆ. ಸಿಗುವವರೆಗೆ ಕಾಯುತ್ತೇವೆ.

ಬೆಂಚು ಜಗಲಿಗೆ ಬಂತು. ಆರಾಮ ಕುರ್ಚಿಗೆ ಹೊಸ ಬೆತ್ತ. ಕೋಣೆಗಳಿಗೆ ಹಳೇ ಬಿಲ್ಲೆಯ ನಂಬರನ್ನೇ ಇಟ್ಟೆವು, 1, 2, 3, 5, 6. ನಾಲ್ಕು ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಸೂಟ್ ಹೆಸರು ತಮ್ಮ ತಾನೇ ಕೈಬಿಟ್ಟ. ಹೆಂಚು ಇಳಿಸಿ ಅಚ್ಚು ನೋಡಿದ ದಿನ ಅವನ ಮುಖ ನೋಡಬೇಕಿತ್ತು. ಬೋರ್ಡಿನ ಮೇಲೆ ಈಗ "ತಾರಿಕಟ್ಟೆ ಖಾನಾವಳಿ, ವಸತಿ ಇದೆ" ಅಂತಷ್ಟೇ.

ಮೂರು ಕಂಬಕ್ಕೆ ಬಡಗಿಯವರೇ ಬಂದು ಗೇರೆಣ್ಣೆ ಹಚ್ಚಿದರು. ಕಂದು ಬಣ್ಣಕ್ಕೆ ತಿರುಗುತ್ತಿವೆ. ಉಳಿದೆರಡನ್ನು ಮುಟ್ಟಿಲ್ಲ. ಹೋದ ತಿಂಗಳು ಹೊಳೆ ಆಚೆಯ ಊರಿನ ಮುದುಕರೊಬ್ಬರು ಮೊಮ್ಮಗನ ಬೈಕಿನಲ್ಲಿ ಬಂದು ಚಹಾ ಕುಡಿದರು. ಅವರ ಅಪ್ಪ ದೋಣಿಯವರಂತೆ. ಹನ್ನೊಂದು ಗೆರೆಯ ಸಾಲು ತೋರಿಸಿದೆ. ತುಂಬಾ ಹೊತ್ತು ನೋಡಿ, "ನಮ್ಮಪ್ಪಂದು ಅಲ್ಲ, ಅವ ಸಾಲ ಇಡುವವನಲ್ಲ" ಅಂದರು. ಹೋಗುವಾಗ ಚಹಾದ ದುಡ್ಡು ಬೇಡ ಅಂದರೂ ಬೆಂಚಿನ ಮೇಲೆ ಇಟ್ಟೇ ಹೋದರು.

ಈಗ ಒಂದೇ ಪ್ರಶ್ನೆ. 3ನೇ ಕೋಣೆ ಹಗಲಲ್ಲೂ ಕತ್ತಲು. ನಾಲ್ಕು ಗಾಜಿನ ಹೆಂಚು ಬೇಕು, ಹಳೇ ಅಳತೆಯದು. ಹೊಸ ಗಾಜಿನ ಹೆಂಚು ಕೂರುತ್ತಿಲ್ಲ, ಅರ್ಧ ಇಂಚು ಗಿಡ್ಡ.

ಘಟ್ಟದ ಮೇಲೆ (ಶಿರಸಿ)

ನನ್ನ ಕೊಟ್ಟಿಗೆ ಮಾಡಿನ ಮೇಲೆ ಆರು ಇವೆ. ಮುಸ್ಯ ಒಡೆಯುವ ಮೊದಲು ಬಂದು ತಗೊಂಡು ಹೋಗಿ. ಒಂದು ಹೆಂಚಿನ ಅಳತೆ ಮೊದಲೇ ಕಳಿಸಿ, ಹುಡುಗನನ್ನು ಹತ್ತಿಸಿ ನೋಡಿಸುತ್ತೇನೆ.